ಕುಚ್ಚಲಕ್ಕಿಯ ದರ ಮತ್ತು ಪೂರೈಕೆಯ ತಿಂಗಳು ಬದಲಾಗುತ್ತಿರುವ ಬಗ್ಗೆ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರ ಸಂಘದ ಕೆಂಪು ಕುಚ್ಚಲಕ್ಕಿ ಪ್ರತಿವರ್ಷ ನವೆಂಬರ್ ಕೊನೆಗೆ ತಮ್ಮ ಮನೆ ಸೇರುತ್ತಿತ್ತು. ಈ ಸಲ ಅದು ಜನವರಿ ಎರಡನೇ ವಾರಕ್ಕೆ ಮೊದಲು ಸಿಗುವುದಿಲ್ಲ. ಕಿಲೋವಿಗೆ 6 ರೂಪಾಯಿ ಹೆಚ್ಚೂ ಆಗುತ್ತದೆ. ದರ ಏರಿಸಿದ ಮೇಲೆ ಸಮಜಾಯಿಷಿ ಕೊಡುವುದಕ್ಕಿಂತ ಮೊದಲೇ ಲೆಕ್ಕವನ್ನು ತಮ್ಮ ಮುಂದಿಡುವುದು ಮರ್ಯಾದೆಯೆಂದು ಆಡಳಿತ ಮಂಡಳಿ ತೀರ್ಮಾನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇವೆ.

ನಮಗೆ ಭತ್ತ ಕೊಡುವವರಲ್ಲಿ ಹೆಚ್ಚಿನವರು ಉಡುಪಿ ಜಿಲ್ಲೆಯಲ್ಲಿ ಅರ್ಧ ಎಕರೆ, ಒಂದು ಎಕರೆ ಗದ್ದೆ ಇರುವವರು. ಅವರು ಬೆಳೆಯುವುದು ಎಂಒ-4, ಅಂದರೆ ಕೇರಳದ ಮಂಕೊಂಬು ಭತ್ತ ಸಂಶೋಧನಾ ಕೇಂದ್ರದಿಂದ ಬಂದು ನಮ್ಮ ಬೈಲು ಗದ್ದೆಗಳಿಗೆ ಒಗ್ಗಿಹೋದ ಕೆಂಪಕ್ಕಿಯ ತಳಿ. ಏಣೆಲು, ಅಂದರೆ ಮಳೆಗಾಲದ ಮೊದಲ ಬೆಳೆ ಕೊಯ್ಲಿಗೆ ಬರುವ ಅಕ್ಟೋಬರಿನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಕಟಾವು ಯಂತ್ರ ಗಂಟೆ ಲೆಕ್ಕದ ಬಾಡಿಗೆಯದ್ದಾದ್ದರಿಂದ ಅದು ಊರಿಗೆ ಬಂದ ದಿನವೇ ಕೊಯ್ಯಿಸಬೇಕು. ಅಂಗಳದಲ್ಲಿ ಟಾರ್ಪಾಲಿನ ಮೇಲೆ ಹರಡಿದ ಭತ್ತವನ್ನು ಸಂಜೆಯ ಮೊದಲ ಗುಡುಗಿಗೇ ಬಾಚಿ ಜಗಲಿಗೆ ಹಾಕಬೇಕು. ಹಾಗೆ ರಾಶಿಯಾದ ಹಸಿ ಭತ್ತ ಒಳಗೊಳಗೇ ಬಿಸಿಯೇರಿ ಮುಗ್ಗಲು ಹಿಡಿಯುತ್ತದೆ. ಸರಕಾರದ ಬೆಂಬಲ ಬೆಲೆಗೆ ತೇವಾಂಶ ಶೇ. 17 ಮೀರಬಾರದು. ಹೀಗಾಗಿ ಲಾರಿಯವರು ಹೇಳಿದ ಬೆಲೆಗೆ ಗದ್ದೆಯ ಬದಿಯಲ್ಲೇ ಮಾರುವುದು ರೂಢಿಯಾಗಿದೆ.

ಇದರಲ್ಲಿ ನಮ್ಮದೂ ತಪ್ಪಿದೆ. ಇಷ್ಟು ವರ್ಷ ನಾವೂ ಕ್ವಿಂಟಲಿಗೆ 15 ಕಿಲೋವನ್ನು ತೇವದ ಬಾಬ್ತು ಎಂದು ಕಣ್ಣಂದಾಜಿನಲ್ಲಿ ಕಳೆದು ದುಡ್ಡು ಕೊಡುತ್ತಿದ್ದೆವು. ಕಳೆದ ಕೊಯ್ಲಿನಲ್ಲಿ ಸದಸ್ಯೆಯೊಬ್ಬರು ಹಟ ಹಿಡಿದು ತಮ್ಮ ಚೀಲದ ಭತ್ತವನ್ನು ತೇವಾಂಶ ಮಾಪಕಕ್ಕೆ ಹಾಕಿಸಿದಾಗ ಅದು 22 ತೋರಿಸಿತು. ಅಂದರೆ 100 ಕಿಲೋದಲ್ಲಿ ನೀರು ಬಿಟ್ಟು ಉಳಿಯುವುದು 78 ಕಿಲೋ. ದಾಸ್ತಾನಿಗೆ ಬೇಕಾದ ಶೇ. 14 ತೇವಾಂಶಕ್ಕೆ ಒಣಗಿಸಿದರೆ ತೂಕ ಸುಮಾರು 90.7 ಕಿಲೋ ನಿಲ್ಲುತ್ತದೆ. ಕಳೆಯಬೇಕಾದದ್ದು ಒಂಬತ್ತು ಚಿಲ್ಲರೆ, ಕಳೆದದ್ದು ಹದಿನೈದು. ಕ್ವಿಂಟಲಿಗೆ ಐದೂವರೆ ಕಿಲೋಗಿಂತ ಹೆಚ್ಚು ಭತ್ತಕ್ಕೆ ನಾವು ಅವರಿಗೆ ಬೆಲೆಯನ್ನೇ ಕೊಟ್ಟಿರಲಿಲ್ಲ. ಆ ದಿನ ಕಚೇರಿಯಲ್ಲಿದ್ದ ನಮಗಾರಿಗೂ ಉತ್ತರ ಹೊಳೆಯಲಿಲ್ಲ.

ಈ ಕೊಯ್ಲಿನಿಂದ ಪ್ರತಿ ಹೊರೆಯನ್ನೂ ರೈತರ ಎದುರಿನಲ್ಲೇ ಮಾಪಕಕ್ಕೆ ಹಾಕಿ, ಶೇ. 14ರ ಲೆಕ್ಕದಲ್ಲಿ ಒಣ ತೂಕಕ್ಕೆ ಬೆಲೆ ಕಟ್ಟುತ್ತೇವೆ. ಒಣಗಿಸುವ ಕೆಲಸವನ್ನು ಉಮಿಯ ಬೆಂಕಿಯಲ್ಲಿ ನಡೆಯುವ ಡ್ರೈಯರಿನಲ್ಲಿ ಸಂಘವೇ ಮಾಡುತ್ತದೆ. ಒಣಗಿದ ಭತ್ತವನ್ನು ಕೆಲವು ವಾರ ಇಟ್ಟು ಆಮೇಲೆ ಬೇಯಿಸಿ ಮಿಲ್ಲು ಮಾಡಿಸುವುದರಿಂದ ಪೂರೈಕೆ ಜನವರಿಗೆ ಹೋಗಿದೆ. ಅನ್ನಕ್ಕೆ ಮುಗ್ಗಲು ವಾಸನೆಯೆಂದು ತಮ್ಮಲ್ಲಿ ಕೆಲವರು ಕಳೆದ ವರ್ಷ ದೂರಿದ್ದಿರಿ. ಅದರ ಮೂಲವೂ ಆ ಹಸಿ ರಾಶಿಯೇ.

ಹೆಚ್ಚಿಸಿದ 6 ರೂಪಾಯಿಯಲ್ಲಿ 3 ರೂಪಾಯಿ ಭತ್ತದ ಬೆಲೆಯಾಗಿ ರೈತರಿಗೆ ಹೋಗುತ್ತದೆ, 2 ರೂಪಾಯಿ ಡ್ರೈಯರಿನ ಖರ್ಚಿಗೆ. ಉಳಿದ 1 ರೂಪಾಯಿ ಗದ್ದೆಗೆ ಹಾಕುವ ಸುಣ್ಣಕ್ಕೆ ಮತ್ತು ಚಾಪೆ ನೇಜಿಗೆ, ಅಂದರೆ ಯಂತ್ರದಿಂದ ನೆಡಲು ಚಾಪೆಯಂತೆ ಬೆಳೆಸುವ ಭತ್ತದ ಸಸಿಗೆ. ಧಾರಾಕಾರ ಮಳೆಗೆ ಸುಣ್ಣದಂಶ ತೊಳೆದುಹೋಗಿ ಹುಳಿಯಾದ ನಮ್ಮ ಮಣ್ಣಿನಲ್ಲಿ, ಸುಣ್ಣ ಹಾಕದೆ ಎಷ್ಟು ಗೊಬ್ಬರ ಸುರಿದರೂ ಪೈರಿಗೆ ದಕ್ಕುವುದು ಕಡಿಮೆ. ಆಳು ಸಿಗದೆ ತಿಂಗಳು ದಾಟಿದ ನೇಜಿ ನೆಟ್ಟರೆ ತೆಂಡೆ (ಬುಡದಿಂದ ಹೊಸ ಕವಲು) ಒಡೆಯುವುದೂ ಕಡಿಮೆ. ಚಾಪೆ ನೇಜಿಯನ್ನು ಹದಿನೈದು–ಹದಿನೆಂಟು ದಿನಕ್ಕೇ ಯಂತ್ರದಿಂದ ನೆಡಬಹುದು. ಅರ್ಧ ಎಕರೆಯವರು ಒಬ್ಬೊಬ್ಬರೇ ಇದನ್ನು ಮಾಡಿಸಿಕೊಳ್ಳಲು ಗಿಟ್ಟುವುದಿಲ್ಲವಾದ್ದರಿಂದ ಸಂಘವೇ ಒಂದೆಡೆ ನೇಜಿ ಬೆಳೆಸಿ ಹಂಚಲಿದೆ.

ಈಗಾಗಲೇ ಮುಂಗಡ ಕಟ್ಟಿದವರಿಗೆ ಹಳೆಯ ದರದಲ್ಲೇ ಅಕ್ಕಿ ಕೊಡುತ್ತೇವೆ. ಜನವರಿಯವರೆಗೆ ಕಾಯಲಾಗದವರು ಹಣ ಹಿಂದಕ್ಕೆ ಪಡೆಯಬಹುದು. ದೀಪಾವಳಿಗೆ ಬೇಕೆನ್ನುವವರಿಗೆ ಹಳೆಯ ದಾಸ್ತಾನಿನಿಂದ ಮನೆಗೊಂದರಂತೆ 5 ಕಿಲೋ ಚೀಲ ಮಾತ್ರ ಕೊಡಬಲ್ಲೆವು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ