ರಬ್ಬರ್ ಬೂಟ್ ಹರಿದರೆ ಇಡೀ ಶಾಫ್ಟ್ ಏಕೆ?

ಮಾನ್ಯರೇ,

ಮೂಡಿಗೆರೆ ಭಾಗದ ತೋಟಗಳಲ್ಲಿ ಓಡಾಡುವ ಫೋರ್ ವೀಲ್ ಡ್ರೈವ್ ಗಾಡಿಗಳ ರಿಪೇರಿಯೇ ನನ್ನ ಹೊಟ್ಟೆಪಾಡು. ಮಳೆಗಾಲ ಮುಗಿಯುತ್ತಿದ್ದಂತೆ ಒಂದೇ ದೂರು: ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದಲ್ಲಿ ಟಕಟಕ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ರಿಮ್ಮಿನ ಒಳಮೈಗೆಲ್ಲ ಕಪ್ಪು ಗ್ರೀಸ್ ಎರಚಿರುತ್ತದೆ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಶಾಫ್ಟಿನಲ್ಲಿ ಸಿವಿ ಜಾಯಿಂಟ್ ಎಂಬ ಬಾಗುವ ಕೀಲು ಇರುತ್ತದೆ; ಅದರ ಗ್ರೀಸ್ ಕಾಯುವ ರಬ್ಬರ್ ಹೊದಿಕೆ, ಅಂದರೆ ಬೂಟ್, ಮಡಿಕೆಯಲ್ಲೇ ಸೀಳಿರುತ್ತದೆ. ಗ್ರೀಸ್ ಹೊರಗೆ, ಕೆಸರು ಒಳಗೆ. ಆಮೇಲೆ ಜಾಯಿಂಟಿನ ಗುಂಡುಗಳು ಸವೆಯಲು ಹೆಚ್ಚು ಕಾಲ ಬೇಕಿಲ್ಲ.

"ನಾನು ಫೋರ್ ವೀಲ್ ಹಾಕೋದೇ ಇಲ್ವಲ್ಲ ಮಾರಾಯ" ಎನ್ನುತ್ತಾರೆ ಮಾಲೀಕರು. ಮುಂದಿನ ಚಕ್ರದ ಹಬ್ಬನ್ನು ಶಾಫ್ಟಿನಿಂದ ಬಿಡಿಸುವ ವ್ಯವಸ್ಥೆ ಇಲ್ಲದ ಗಾಡಿಗಳಲ್ಲಿ ಟೂ ವೀಲ್‌ನಲ್ಲಿ ಓಡಿಸಿದರೂ ಈ ಶಾಫ್ಟ್‌ಗಳು ತಿರುಗುತ್ತಲೇ ಇರುತ್ತವೆ.

ಸದ್ದು ಶುರುವಾಗುವ ಮೊದಲೇ ಕಣ್ಣಿಗೆ ಬಿದ್ದರೆ ಬೂಟ್, ಕ್ಲಿಪ್, ಹೊಸ ಗ್ರೀಸ್ ಸಾಕು. ಆದರೆ ನನ್ನ ಗಿರಾಕಿಯೊಬ್ಬರಿಗೆ ಸರ್ವೀಸ್ ಸೆಂಟರೊಂದರಲ್ಲಿ ಸಿಕ್ಕ ಉತ್ತರ, "ಬೂಟ್ ಬಿಡಿಯಾಗಿ ಬರೋದಿಲ್ಲ, ಪೂರ್ತಿ ಶಾಫ್ಟೇ ಹಾಕಬೇಕು." ನಾನು ಜಾಯಿಂಟ್ ಬಿಚ್ಚಿ ತೊಳೆದು ನೋಡಿದೆ, ಗುಂಡುಗಳ ಮೇಲೆ ಒಂದು ಗೀರೂ ಇರಲಿಲ್ಲ. ಪೇಟೆಯಲ್ಲಿ ಅಂಟು ಹಾಕಿ ಕೂಡಿಸುವ ಬೂಟ್ ಸಿಗುತ್ತದೆ, ನಿಜ. ನಮ್ಮ ಕೆಸರಲ್ಲಿ ಅದು ನಿಲ್ಲುವುದಿಲ್ಲ (ಹಾಕಿಸಿಕೊಂಡವರು ಆಮೇಲೆ ಬೈಯುವುದು ನನ್ನನ್ನೇ).

ಗಾಡಿ ಕಂಪನಿಗಳು ಬೂಟ್ ಕಿಟ್ಟನ್ನು ಬಿಡಿಯಾಗಿ ತಾಲ್ಲೂಕಿನ ಅಂಗಡಿಗಳಿಗೂ ಕೊಡಲಿ. ಫ್ರೀ ಸರ್ವೀಸಿನಲ್ಲಿ ಬಾಡಿ ತೊಳೆದು ಹೊಳಪು ಕೊಡುವವರು ಚಕ್ರದ ಹಿಂದೆಯೂ ಒಮ್ಮೆ ಕೈಯಾಡಿಸಲಿ.

– ಒಬ್ಬ ಮೆಕ್ಯಾನಿಕ್, ಮೂಡಿಗೆರೆ