ಉಂಗುರ ಎಲ್ಲಿ ಅಂತ ಕೇಳಿದ್ಯಲ್ಲ

ಮಂಜ,

ದೀಪಾವಳಿಗೆ ಬಂದಾಗ ಮಹಡಿ ಮೇಲೆ ಟೆಲಿಸ್ಕೋಪಿಗೆ ಕಣ್ಣಿಟ್ಟು ಶನಿ ಗ್ರಹ ನೋಡಿ, "ಏನೋ ಇದು, ಗೋಲಿಗೆ ಕಡ್ಡಿ ಚುಚ್ಚಿದ ಹಾಗಿದೆ, ಉಂಗುರ ಎಲ್ಲಿ?" ಅಂದು ಕೆಳಗೆ ಹೋಗಿ ಚಕ್ಕುಲಿ ತಿನ್ನುತ್ತಾ ಕೂತೆ. ಅವತ್ತು ಮನೆ ತುಂಬ ಜನ, ಪಟಾಕಿ ಹೊಗೆ ಬೇರೆ. ಹೇಳೋಕೆ ಆಗಲಿಲ್ಲ, ಈಗ ಕೇಳು.

ನಿನ್ನ ತಲೆಯಲ್ಲಿ ಕೂತಿರೋದು 2017ರ ಶನಿ. ಆಗ ಉಂಗುರ ಸುಮಾರು 27 ಡಿಗ್ರಿ ನಮ್ಮ ಕಡೆ ವಾಲಿತ್ತು. ಶನಿ ಓರೆಯಾಗಿ ನಿಂತುಕೊಂಡೇ ಸೂರ್ಯನನ್ನು ಸುತ್ತುತ್ತಾನೆ, ಒಂದು ಸುತ್ತಿಗೆ 29 ವರ್ಷ ಚಿಲ್ಲರೆ, ಹಾಗಾಗಿ 13ರಿಂದ 16 ವರ್ಷಕ್ಕೊಮ್ಮೆ ಉಂಗುರ ನಮಗೆ ಬರೀ ಅಂಚು ತೋರಿಸುತ್ತದೆ. ಈ ವರ್ಷ, 2025ರ ಮಾರ್ಚ್ 23ಕ್ಕೆ ಸರಿಯಾಗಿ ಅಂಚಿಗೆ ಬಂದಿತ್ತು, ಆದರೆ ಆಗ ಶನಿ ಸೂರ್ಯನ ಪಕ್ಕದಲ್ಲೇ ಇದ್ದ, ನೋಡೋಕೆ ಆಗಲಿಲ್ಲ. ಈಗ ನವೆಂಬರ್ ಕೊನೆಗೆ ಮತ್ತೆ ಉಂಗುರ ವಾಲಿರೋದು ಅರ್ಧ ಡಿಗ್ರಿಗಿಂತ ಕಡಿಮೆ. ಅದೂ ರಾತ್ರಿ ಊಟದ ಹೊತ್ತಿಗೆ, ನೆತ್ತಿಯ ಹತ್ತಿರ.

ಉಂಗುರದ ಅಗಲ ಈ ತುದಿಯಿಂದ ಆ ತುದಿಗೆ 2.7 ಲಕ್ಷ ಕಿಲೋಮೀಟರ್. ದಪ್ಪ ಬಹಳ ಕಡೆ ಹತ್ತು ಮೀಟರ್ ಅಷ್ಟೇ, ನಮ್ಮ ತಿಪಟೂರಿನ ಹಳೇ ತೆಂಗಿನ ಮರದಷ್ಟೂ ಇಲ್ಲ. ಕಾಗದದಷ್ಟು ತೆಳ್ಳಗೆ ರೊಟ್ಟಿ ತಟ್ಟಿ ಅದನ್ನು ಎರಡೂವರೆ ಕಿಲೋಮೀಟರ್ ಅಗಲ ಮಾಡಿದರೆ ಹೇಗೋ ಹಾಗೆ. ಪಕ್ಕದಿಂದ ನೋಡಿದರೆ ಏನು ಕಾಣಬೇಕು ಹೇಳು? ಗೆಲಿಲಿಯೋ ಕೂಡ 1610ರಲ್ಲಿ ಶನಿಯ ಎರಡೂ ಬದಿ ಏನೋ ಅಂಟಿಕೊಂಡಿದ್ದು ನೋಡಿ, 1612ರಲ್ಲಿ ಅದು ಮಾಯವಾದಾಗ ನಿನ್ನ ಹಾಗೇ ಕಕ್ಕಾಬಿಕ್ಕಿ. ಅವನು ಎದ್ದು ಚಕ್ಕುಲಿ ತಿನ್ನೋಕೆ ಹೋಗಲಿಲ್ಲ, ಅಷ್ಟೇ.

ನೀನು ಕಳಕೊಂಡಿದ್ದು ಶನಿಯ ಚಂದ್ರರನ್ನು, ಮಾರಾಯ. ಉಂಗುರ ಅಗಲವಾಗಿದ್ದಾಗ ಅದರ ಬೆಳಕಿಗೆ ಹತ್ತಿರದ ಚಿಕ್ಕ ಚಂದ್ರರು ಮುಳುಗಿ ಹೋಗುತ್ತಾರೆ. ಉಂಗುರ ಸೊರಗಿದಾಗಲೇ ಅವರ ಸುಗ್ಗಿ. ಹಳೇ ಖಗೋಳಜ್ಞರ ಲೆಕ್ಕ ನೋಡು: ಹೈಗನ್ಸ್‌ಗೆ ಟೈಟನ್ ಸಿಕ್ಕಿದ್ದು 1655ರಲ್ಲಿ, ಕಸೀನಿಗೆ ಟೆಥಿಸ್, ಡಯೋನಿ ಸಿಕ್ಕಿದ್ದು 1684ರಲ್ಲಿ, ಹರ್ಷೆಲ್‌ಗೆ ಎನ್ಸೆಲಡಸ್, ಮೈಮಸ್ ಸಿಕ್ಕಿದ್ದು 1789ರಲ್ಲಿ. ಎಲ್ಲವೂ ಉಂಗುರ ತೆಳ್ಳಗಾದ ಕಾಲದ ಆಸುಪಾಸಿನಲ್ಲೇ.

ಮೊನ್ನೆ ನನ್ನ ಎಂಟಿಂಚಿನ ಡಾಬ್ಸೋನಿಯನ್ ಟೆಲಿಸ್ಕೋಪಿಗೆ 6 ಮಿ.ಮೀ. ಐಪೀಸ್, ಅಂದರೆ ಕಣ್ಣಿಡುವ ಲೆನ್ಸ್, ಹಾಕಿ, 200 ಪಟ್ಟು ದೊಡ್ಡದು ಮಾಡಿ ಕೂತೆ. ಪಕ್ಕದ ರಸ್ತೆಯ ಲೈಟಿಗೆ ಅಡ್ಡ ಒಂದು ಹಳೇ ಬೆಡ್‌ಶೀಟ್. ಟೈಟನ್ ಬಿಡು, ಅದು ಯಾವಾಗಲೂ ಇರುತ್ತೆ. ರಿಯಾ, ಡಯೋನಿ, ಟೆಥಿಸ್ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ದಾರಕ್ಕೆ ಪೋಣಿಸಿದ ಹಾಗೆ. ಹತ್ತು ನಿಮಿಷ ಕಾದೆ, ಗಾಳಿ ಸ್ವಲ್ಪ ನಿಂತಿತು, ನೆಟ್ಟಗೆ ನೋಡೋದು ಬಿಟ್ಟು ಓರೆಗಣ್ಣಲ್ಲಿ ನೋಡಿದೆ. ಕಡ್ಡಿಯ ತುದಿಯಿಂದ ಸ್ವಲ್ಪ ಆಚೆ ಒಂದು ಚುಕ್ಕಿ ಬಂತು. ಹೋಯಿತು. ಮತ್ತೆ ಬಂತು. ಎನ್ಸೆಲಡಸ್!

ಸುಮಾರು 500 ಕಿಲೋಮೀಟರ್ ಅಡ್ಡಗಲದ ಮಂಜುಗಡ್ಡೆಯ ಉಂಡೆ ಅದು, ಇಲ್ಲಿಂದ ನೂರು ಕೋಟಿಗೂ ಜಾಸ್ತಿ ಕಿಲೋಮೀಟರ್ ದೂರ. ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಎಲ್ಲಾ ವಾಪಸ್ ಕಳಿಸುವಷ್ಟು ಬೆಳ್ಳಗಿರುವುದರಿಂದ ನಮಗೆ ಕಾಣುತ್ತೆ. ಆ ಮಂಜುಗಡ್ಡೆಯ ಕೆಳಗೆ ಉಪ್ಪುನೀರಿನ ಸಮುದ್ರ ಇದೆ. ದಕ್ಷಿಣ ಧ್ರುವದ ಸೀಳುಗಳಿಂದ ಆ ನೀರು ಆವಿಯಾಗಿ, ಮಂಜಿನ ಪುಡಿಯಾಗಿ ಚಿಮ್ಮುತ್ತಲೇ ಇರುತ್ತೆ, ಅದೇ ಪುಡಿ ಹರಡಿ ಶನಿಗೆ ಹೊರಗಡೆ ಇನ್ನೊಂದು ಮಸುಕು ಉಂಗುರ ಆಗಿದೆ. ಹೀಗೆ ಚಿಮ್ಮೋದನ್ನು 2005ರಲ್ಲಿ ಕಸೀನಿ ನೌಕೆ ಕಂಡುಹಿಡಿದಿದ್ದು. ನನ್ನ ಟೆಲಿಸ್ಕೋಪಲ್ಲಿ ಅದ್ಯಾವುದೂ ಕಾಣಲ್ಲ ಅನ್ನು, ಬರೀ ಚುಕ್ಕಿ. ಆದರೂ ಕೈ ನಡುಗಿತು. ಚಳಿಗೂ ಇರಬಹುದು.

ಒಂದು ಬೇಜಾರು: ಈ ವರ್ಷ ಟೈಟನ್ನಿನ ನೆರಳು ಜುಲೈಯಿಂದ ಅಕ್ಟೋಬರ್‌ವರೆಗೆ ಎಷ್ಟೋ ಸಲ ಶನಿಯ ಮೇಲೆ ಹಾದು ಹೋಯಿತು, ಪ್ರತಿ ಸಲವೂ ನಮಗೆ ಹಗಲು.

ಅಮ್ಮ ಮೊದಲೆಲ್ಲ "ಇರೋ ಶನಿ ಸಾಲದು ಅಂತ ಮಹಡಿಗೆ ಬೇರೆ ಕರೀತೀಯ" ಅಂತ ಬೈಯುತ್ತಿದ್ದರು. ಮೊನ್ನೆ ಶಾಲು ಹೊದ್ದು ತಾವೇ ಬಂದು ನೋಡಿದರು. "ಅಯ್ಯೋ, ಎಳ್ಳು ಕಾಳಿನಷ್ಟಿದ್ದಾನಲ್ಲೋ, ಇವನಿಗಾ ಇಷ್ಟು ವರ್ಷ ಎಳ್ಳೆಣ್ಣೆ ಸುಟ್ಟಿದ್ದು?" ಅಂದರು. ಶನಿವಾರದ ದೀಪ ಮಾತ್ರ ನಿಂತಿಲ್ಲ.

ಇನ್ನು ಇಂಥ ಅಂಚು ಸಿಗೋದು 2038ಕ್ಕೆ. ಡಿಸೆಂಬರ್ ಮೊದಲ ವಾರ ಹುಣ್ಣಿಮೆ, ಅದು ಕಳೆದ ಮೇಲಿನ ಶನಿವಾರ ಬಾ, ಸ್ವೆಟರ್ ತಗೊಂಡು ಬಾ. ಹಾಗೇ ನೀನು ಹೋದಾಗಿಂದ ಐಪೀಸಿನ ಮುಚ್ಚಳ ಕಾಣಿಸುತ್ತಿಲ್ಲ, ಅವತ್ತು ಹಾಕಿಕೊಂಡಿದ್ದ ಅಂಗಿಯ ಜೇಬು ನೋಡು.