ಪುಡಿ ಡಬ್ಬಿಯಿಂದ ಕರುಳಿನ ಹುಣ್ಣು ವಾಸಿಯಾಗಲ್ಲ

ಮಾನ್ಯ ಸಂಪಾದಕರೇ,

ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಚೆನ್ನಾಗಿತ್ತು. ಅದರ ಕೆಳಗೇ ಒಂದು ಜಾಹೀರಾತು. 'ಒಳ್ಳೆ ಬ್ಯಾಕ್ಟೀರಿಯಾ' ಇರುವ ಪುಡಿ ತಿಂದರೆ ಕರುಳಿನ ಹುಣ್ಣು ಬುಡಸಮೇತ ಹೋಗುತ್ತದಂತೆ. ಇಂಥದ್ದೇ ಪುಡಿಗೆ ನಾವೂ ದುಡ್ಡು ಸುರಿದವರು.

ನನ್ನ ಮಗನಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಊದಿ ಹುಣ್ಣಾಗುವ ಕಾಯಿಲೆ. ಶುರುವಾದಾಗ 20 ವರ್ಷ. ಮಲದಲ್ಲಿ ರಕ್ತ ಕಂಡಾಗ ಮನೆಯವರೆಲ್ಲ ಉಷ್ಣ ಅಂದೆವು. ಮೆಂತ್ಯ, ಮಜ್ಜಿಗೆ ಆಯಿತು. ಪಕ್ಕದವರು ಮೂಲವ್ಯಾಧಿ ಅಂದರು. ಆಮಶಂಕೆ ಅಂತ ಹೇಳಿ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದದ್ದಕ್ಕೆ ಲೆಕ್ಕವಿಲ್ಲ. ಅವರು ಚೀಟಿ ಕೇಳಲಿಲ್ಲ, ನಮ್ಮ ಹತ್ತಿರ ಇರಲೂ ಇಲ್ಲ. ಹೀಗೇ ಒಂದೂವರೆ ವರ್ಷ.

ಕೊನೆಗೆ ಮಂಗಳೂರಿಗೆ ಹೊರಟೆವು. ಚಾರ್ಮಾಡಿ ತಿರುವಿನಲ್ಲಿ ಬಸ್ ನಿಲ್ಲಿಸಲ್ಲ ಅಂತ ಹುಡುಗ ಹಿಂದಿನ ಮಧ್ಯಾಹ್ನದಿಂದಲೇ ಅನ್ನ ಮುಟ್ಟಿರಲಿಲ್ಲ. ಬಾಗಿಲ ಪಕ್ಕದ ಸೀಟೇ ಬೇಕು ಅಂದ. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆಗೆ ಇಳಿದರೆ ಇವನು ಶೌಚಾಲಯ ಹುಡುಕಿಕೊಂಡು ಓಡಿದ. ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡುವುದು), ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷಿಸುವುದು) ಆದ ಮೇಲೇ ಕಾಯಿಲೆಯ ಹೆಸರು ಗೊತ್ತಾಗಿದ್ದು.

ಬ್ಯಾಕ್ಟೀರಿಯಾಗೂ ಈ ಕಾಯಿಲೆಗೂ ನಂಟಿರುವುದು ಸುಳ್ಳಲ್ಲ. ಸೊಪ್ಪು, ಕಾಳು, ರಾಗಿಯ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲವಾಗಿ ಮಾಡುತ್ತವೆ. ಕರುಳಿನ ಒಳಪದರಕ್ಕೆ ಅದೇ ಊಟ. ಈ ರೋಗಿಗಳಲ್ಲಿ ಅದನ್ನು ಮಾಡುವ ಜಾತಿಗಳೇ ಕಡಿಮೆ. ಕೊಲೈಟಿಸ್ ಬರುವಂತೆ ಜೀನ್ ಬದಲಿಸಿದ ಇಲಿಗಳನ್ನು ಒಂದೂ ಬ್ಯಾಕ್ಟೀರಿಯಾ ಇಲ್ಲದ ಕಡೆ ಸಾಕಿದಾಗ ಅವಕ್ಕೆ ಕಾಯಿಲೆ ಬರಲಿಲ್ಲ. ಆ್ಯಂಟಿಬಯೋಟಿಕ್ ಪದೇ ಪದೇ ತಿಂದವರಲ್ಲಿ ಈ ಕಾಯಿಲೆ ಜಾಸ್ತಿ ಎಂದು ಸ್ವೀಡನ್, ಡೆನ್ಮಾರ್ಕ್‌ನ ಅಧ್ಯಯನಗಳಲ್ಲಿ ಕಂಡಿದೆ. (ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.) ಆದರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಹುಣ್ಣಾಯಿತೋ, ಹುಣ್ಣಾಗಿ ಬ್ಯಾಕ್ಟೀರಿಯಾ ಕಡಿಮೆಯಾದವೋ? ಬೀಜ ಮೊದಲೋ ಮರ ಮೊದಲೋ ಅನ್ನೋ ಹಾಗೆ, ಇನ್ನೂ ಇತ್ಯರ್ಥವಾಗಿಲ್ಲ.

ಇದನ್ನೇ ಪುಡಿ ಮಾರುವವರು ಸುಮ್ನೆ ದಾಟಿಬಿಡುತ್ತಾರೆ. ಅಲ್ಸರೇಟಿವ್ ಕೊಲೈಟಿಸ್‌ಗಾಗಲಿ ಅದರದ್ದೇ ಜಾತಿಯ ಇನ್ನೊಂದು ಕರುಳಿನ ಕಾಯಿಲೆ ಕ್ರೋನ್ಸ್‌ಗಾಗಲಿ ಪ್ರೋಬಯಾಟಿಕ್ (ಇಂಥ 'ಒಳ್ಳೆ ಬ್ಯಾಕ್ಟೀರಿಯಾ') ಅನ್ನು ಪ್ರಯೋಗದ ಭಾಗವಾಗಿ ಮಾತ್ರ ಕೊಡಿ ಎಂದು ಅಮೆರಿಕದ ಜಠರ ಕರುಳು ತಜ್ಞರ ಸಂಘ 2020ರಲ್ಲೇ ಹೇಳಿದೆ. ನನ್ನ ಮಗ ಪುಡಿ ನಂಬಿ, ಕರುಳಿನ ಊತ ಇಳಿಸುವ ಮೆಸಾಲಮೈನ್ ಮಾತ್ರೆ ಬಿಟ್ಟ. ಎರಡೇ ತಿಂಗಳಿಗೆ ಮತ್ತೆ ರಕ್ತ. ಸ್ಟಿರಾಯ್ಡ್ ತಿಂದು ಮುಖ ಊದಿಸಿಕೊಂಡ. ಈಗ ಮಾತ್ರೆ ತಪ್ಪಿಸಲ್ಲ, ತೋಟದ ಕೆಲಸಕ್ಕೂ ಬರುತ್ತಾನೆ. ಆ ಡಬ್ಬಿಯಲ್ಲಿ ನನ್ನ ಹೆಂಡತಿ ಏಲಕ್ಕಿ ತುಂಬಿಟ್ಟಿದ್ದಾಳೆ.

ಹುಣ್ಣು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ತಡೆಯಲು 1954ರಿಂದಲೂ ಕಾನೂನಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಜಠರ, ಕರುಳಿನ ಹುಣ್ಣಿನ ಹೆಸರೂ ಇದೆ. ನಿಮ್ಮ ಜಾಹೀರಾತು ವಿಭಾಗದವರು ಅದನ್ನೊಮ್ಮೆ ತೆಗೆದು ನೋಡಲಿ.

ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ